ವೆರ್ನಿಕೆ–ಕೊರ್ಸಕೋಫ್ ಕಾಯಿಲೆ

ಥಯಾಮಿನ್ (ಬಿ1 ಜೀವಸತ್ವ) ಕೊರತೆಯಿಂದ, ಹೆಚ್ಚಾಗಿ ಬಹುಕಾಲದ ಕುಡಿತದ ಬೆನ್ನಿಗೆ, ಮಿದುಳಿನ ಕೆಲವು ಭಾಗಗಳಲ್ಲಿ ನರಕೋಶಗಳು ಸಾಯುವ ಕಾಯಿಲೆ. ಕುಡಿತದಿಂದ ಮಿದುಳೆಲ್ಲ ಒಂದೇ ಸಮ ಕೆಡುತ್ತದೆಂದು ತಿಳಿಯುವುದು ಸರಿಯಲ್ಲ.

1881ರಲ್ಲಿ ಜರ್ಮನ್ ವೈದ್ಯ ಕಾರ್ಲ್ ವೆರ್ನಿಕೆ ಮೂವರು ರೋಗಿಗಳ ವಿವರ ಪ್ರಕಟಿಸಿದ. ಇಬ್ಬರು ವಿಪರೀತ ಕುಡಿಯುತ್ತಿದ್ದ ಗಂಡಸರು. ಮೂರನೆಯವಳು ಗಂಧಕಾಮ್ಲ ನುಂಗಿ ಜಠರ ಕೆಡಿಸಿಕೊಂಡಿದ್ದ ಹೆಂಗಸು. ಮೂವರಿಗೂ ಕಣ್ಣುಗುಡ್ಡೆಗಳ ಚಲನೆ ಕೆಟ್ಟಿತ್ತು, ನಡಿಗೆ ತೂರಾಡುತ್ತಿತ್ತು, ಬುದ್ಧಿ ಮಂಕಾಗಿತ್ತು, ಮೂವರೂ ತೀರಿಕೊಂಡರು. ಅವರನ್ನು ಬೆಸೆದದ್ದು ಮದ್ಯವಲ್ಲ, ಮೈಗೂಡದ ಆಹಾರ ಎಂಬುದು ಥಯಾಮಿನ್ ಪತ್ತೆಯಾದ ಮೇಲಷ್ಟೇ ಸ್ಪಷ್ಟವಾಯಿತು. 1887ರಿಂದಾಚೆಗೆ ಮಾಸ್ಕೋದ ವೈದ್ಯ ಸೆರ್ಗೈ ಕೊರ್ಸಕೋಫ್ ಈ ಕಾಯಿಲೆಯ ಮುಂದಿನ ಹಂತವನ್ನು ವಿವರಿಸಿದ. ಈ ಹಂತದಲ್ಲಿ ಹೊಸದೇನೂ ನೆನಪಿನಲ್ಲಿ ನಿಲ್ಲುವುದಿಲ್ಲ. ರೋಗಿಗಳು ನಡೆಯದ ಸಂಗತಿಗಳನ್ನು ನಡೆದಂತೆ ಹೇಳುತ್ತಾರೆ. ಅದನ್ನು ಸುಳ್ಳೆಂದು ಗದರುವುದು ಅನ್ಯಾಯ. ರೋಗಿ ತಾನು ಹೇಳುವುದನ್ನು ನಿಜವೆಂದೇ ನಂಬಿರುತ್ತಾನೆ.

ಗ್ಲೂಕೋಸಿನಿಂದ ಶಕ್ತಿ ಪಡೆಯಲು ನರಕೋಶಕ್ಕೆ ಥಯಾಮಿನ್ ಬೇಕೇ ಬೇಕು. ದೇಹದಲ್ಲಿರುವ ದಾಸ್ತಾನು ಕೆಲವೇ ವಾರಗಳಿಗೆ ಸಾಲುವಷ್ಟು. ಕುಡಿಯುವವರು ಊಟ ಬಿಡುತ್ತಾರೆ. ತಿಂದ ಅಲ್ಪಸ್ವಲ್ಪದಿಂದಲೂ ಕರುಳು ಥಯಾಮಿನ್ ಹೀರದಂತೆ ಮದ್ಯ ತಡೆಯುತ್ತದೆ. ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ ಈ ಸತ್ವ ಕಡಿಮೆ, ಕುಚ್ಚಲಕ್ಕಿಯಲ್ಲಿ ಹೆಚ್ಚು ಉಳಿದಿರುತ್ತದೆ. ಕೊರತೆಯಾದಾಗ ಮೊದಲು ನಲುಗುವುದು ಮಿದುಳಿನ ನಡುಭಾಗ: ಥ್ಯಾಲಮಸ್, ಅದರ ಕೆಳಗಿನ ಮ್ಯಾಮಿಲರಿ ಕಾಯಗಳು, ಕಣ್ಣಿನ ಚಲನೆಯನ್ನು ನಡೆಸುವ ಮಿದುಳಕಾಂಡದ ಕೇಂದ್ರಗಳು. ನೆನಪು ಅಳಿಯುವುದಕ್ಕೆ ಮೊದಲೆರಡರ ನಾಶವೇ ಮುಖ್ಯ ಕಾರಣ. ಕಿರುಮೆದುಳಿನ ನಡುಪಟ್ಟಿಯ ಮೇಲ್ಭಾಗದಲ್ಲಿ ಪರ್ಕಿಂಜೆ ಎಂಬ ನರಕೋಶಗಳು ಸತ್ತಾಗ ಕುಡಿಯದ ದಿನವೂ ಕಾಲು ಅಗಲಿಸಿಯೇ ನಡೆಯಬೇಕಾಗುತ್ತದೆ.

ಹಣೆಯ ಹಿಂದಿರುವ ಮಿದುಳಿನ ಮುಂಭಾಗದ ಕಥೆ ಬೇರೆ. ಮದ್ಯವ್ಯಸನಿಗಳ ಮಿದುಳುಗಳಲ್ಲಿ ನರಕೋಶಗಳನ್ನು ಎಣಿಸಿದ ಆಸ್ಟ್ರೇಲಿಯದ ಕ್ಲೈವ್ ಹಾರ್ಪರ್ ಮತ್ತು ಸಂಗಡಿಗರಿಗೆ ಮುಂಭಾಗದ ಹೊರಪದರದಲ್ಲಿ ಅವು ಕಡಿಮೆಯಾಗಿದ್ದುದು ಕಂಡಿತು; ಕೈಕಾಲು ಆಡಿಸುವ ಹೊರಪದರದಲ್ಲಿ ಕಡಿಮೆಯಾಗಿರಲಿಲ್ಲ. ಯೋಚಿಸಿ ತಡೆದುಕೊಳ್ಳುವ ಶಕ್ತಿ ಈ ಮುಂಭಾಗದ್ದು. ಕುಡಿತ ಬಿಡಲು ಬೇಕಾದ ಶಕ್ತಿಯನ್ನೇ ಕುಡಿತ ಸವೆಸುತ್ತದೆ. ನರತಂತುಗಳಿಂದಾದ ಬಿಳಿವಸ್ತುವೂ ಕುಗ್ಗುತ್ತದೆ, ಆದರೆ ಕುಡಿತ ಬಿಟ್ಟ ತಿಂಗಳುಗಳಲ್ಲಿ ಅದು ಕೊಂಚಮಟ್ಟಿಗೆ ಮರಳಿ ತುಂಬಿಕೊಳ್ಳುತ್ತದೆ. ಸತ್ತ ನರಕೋಶ ಮರಳುವುದಿಲ್ಲ.

ಥಯಾಮಿನನ್ನು ರಕ್ತನಾಳದ ಮೂಲಕ ತಡಮಾಡದೆ ಕೊಟ್ಟರೆ ಕಣ್ಣಿನ ತೊಂದರೆ ಬೇಗ ತಿಳಿಯಾಗುತ್ತದೆ. ತಡವಾದರೆ ನೆನಪು ಪೂರ್ತಿ ಹಿಂತಿರುಗುವುದು ಅಪರೂಪ. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ರೋಗ ಉಲ್ಬಣಿಸಬಹುದು. ತೂರಾಟವನ್ನು ಅಮಲೆಂದುಕೊಂಡು ‘ಮಲಗಿದರೆ ಇಳಿಯುತ್ತದೆ’ ಎಂದು ಸುಮ್ಮನಾಗುವುದರಿಂದ ಎಷ್ಟೋ ರೋಗಿಗಳ ಕಾಯಿಲೆ ಶವಪರೀಕ್ಷೆಯಲ್ಲಷ್ಟೇ ಗೊತ್ತಾಗುತ್ತದೆ. ಆಸ್ಟ್ರೇಲಿಯದಲ್ಲಿ 1991ರಿಂದ ಬ್ರೆಡ್ಡಿನ ಹಿಟ್ಟಿಗೆ ಥಯಾಮಿನ್ ಬೆರೆಸುವುದು ಕಡ್ಡಾಯವಾಯಿತು. ಅಲ್ಲಿನ ಶವಪರೀಕ್ಷೆಗಳಲ್ಲಿ ಈ ಕಾಯಿಲೆಯ ಪ್ರಮಾಣ ಆ ಬಳಿಕ ಇಳಿಯಿತು.