ದೆಹಲಿ ಚಳಿಗೆ ಯಾವ ಹೀಟರ್ ಅಗ್ಗ? ಕರೆಂಟ್ ಬಿಲ್ ಲೆಕ್ಕಾಚಾರ ಇಲ್ಲಿದೆ

ಬೆಂಗಳೂರಿನಲ್ಲಿ ಒಂದೇ ಸ್ವೆಟರ್‌ನಲ್ಲಿ ಡಿಸೆಂಬರ್ ಕಳೆದವರಿಗೆ ದೆಹಲಿಯ ಮೊದಲ ಚಳಿಗಾಲ ಸುಲಭವಲ್ಲ. ಜನವರಿಯಲ್ಲಿ ರಾತ್ರಿಯ ತಾಪಮಾನ 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುವುದು ಅಲ್ಲಿ ಮಾಮೂಲು. ಹೀಟರ್ ಕೊಳ್ಳಲು ಹೋದರೆ ಅಂಗಡಿಯವರು ಸಾಮಾನ್ಯವಾಗಿ ಹೇಳುವುದು, ‘ಆಯಿಲ್ ಹೀಟರ್ ತಗೊಳ್ಳಿ, ಕರೆಂಟ್ ಕಡಿಮೆ’ ಎಂದು. ಇದು ಅರ್ಧ ಸತ್ಯ ಮಾತ್ರ.

ಫ್ಯಾನ್ ಹೀಟರ್, ಹ್ಯಾಲೊಜೆನ್, ಆಯಿಲ್ ಹೀಟರ್ ಮೂರೂ ಒಂದು ಯೂನಿಟ್ ವಿದ್ಯುತ್‌ನಿಂದ ಕೊಡುವ ಶಾಖ ಒಂದೇ. ಆಯಿಲ್ ಹೀಟರ್‌ನಲ್ಲಿ ಎಣ್ಣೆ ಉರಿಯುವುದಿಲ್ಲ, ಕಾಯುತ್ತದೆ ಅಷ್ಟೇ. ಕೋಣೆ ಬೆಚ್ಚಗಾದ ಮೇಲೆ ಥರ್ಮೋಸ್ಟಾಟ್ ಅದನ್ನು ಆಫ್ ಮಾಡುತ್ತದೆ, ಕಾದ ಎಣ್ಣೆ ಇನ್ನೂ ಸ್ವಲ್ಪ ಹೊತ್ತು ಶಾಖ ಕೊಡುತ್ತದೆ. ಉಳಿತಾಯವಾದರೆ ಅದು ಥರ್ಮೋಸ್ಟಾಟ್‌ನಿಂದ. ಬಾಗಿಲ ಸಂದಿಯಿಂದ ಗಾಳಿ ನುಗ್ಗುವ ಮನೆಯಲ್ಲಿ ಅದು ಆಫ್ ಆಗುವುದೇ ಅಪರೂಪ!

2000 ವ್ಯಾಟ್ ಹೀಟರ್ ದಿನಕ್ಕೆ 4 ಗಂಟೆ ಬಿಡದೆ ಉರಿದರೆ ತಿಂಗಳಿಗೆ 240 ಯೂನಿಟ್. ಯೂನಿಟ್‌ಗೆ 6.50 ರೂ. ಎಂದರೆ 1,560 ರೂ. ಆಗುತ್ತದೆ. 800 ವ್ಯಾಟ್‌ನ ಹ್ಯಾಲೊಜೆನ್‌ಗೆ 96 ಯೂನಿಟ್, ಅಂದರೆ 624 ರೂ. ಸಾಕು. ಆದರೆ ಅದು ಕೋಣೆಯನ್ನಲ್ಲ, ಎದುರು ಕೂತವರನ್ನು ಬೆಚ್ಚಗಿಡುತ್ತದೆ. ಒಬ್ಬರೇ ಕೂತು ಕೆಲಸ ಮಾಡುವುದಾದರೆ ಅದೇ ಅಗ್ಗ.

ಹಾಟ್ ಆ್ಯಂಡ್ ಕೋಲ್ಡ್ ಇನ್ವರ್ಟರ್ ಎಸಿಯ ಲೆಕ್ಕ ಬೇರೆ. ಅದು ಶಾಖವನ್ನು ಉತ್ಪಾದಿಸುವುದಿಲ್ಲ, ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಒಳಗೆ ತರುತ್ತದೆ. ಹಾಗಾಗಿ ಒಂದು ಯೂನಿಟ್ ವಿದ್ಯುತ್‌ಗೆ ಸುಮಾರು ಮೂರು ಯೂನಿಟ್‌ನಷ್ಟು ಶಾಖ ಸಿಗುತ್ತದೆ. ಹೀಟರ್ 240 ಯೂನಿಟ್‌ನಲ್ಲಿ ಕೊಡುವ ಶಾಖಕ್ಕೆ ಇಲ್ಲಿ 80 ಯೂನಿಟ್, ಅಂದರೆ 520 ರೂ.

ಸಬ್ಸಿಡಿ ಮಿತಿ ಮರೆಯಬೇಡಿ

ದೆಹಲಿಯಲ್ಲಿ 2019ರಲ್ಲಿ ಜಾರಿಯಾದ ಸಬ್ಸಿಡಿಯಂತೆ 200 ಯೂನಿಟ್‌ವರೆಗೆ ಬಿಲ್ ಸೊನ್ನೆ, 201ರಿಂದ 400ರವರೆಗೆ ಗರಿಷ್ಠ 800 ರೂ. ಮಿತಿಯಲ್ಲಿ ಅರ್ಧ ರಿಯಾಯಿತಿ. 400 ದಾಟಿದರೆ ಇಡೀ ಸಬ್ಸಿಡಿಯೇ ಇಲ್ಲ. ತಿಂಗಳಿಗೆ 200 ಯೂನಿಟ್ ಬಳಸುವ ಮನೆಗೆ ಈ ಹೀಟರ್ ಬಂದರೆ ಬಳಕೆ 440ಕ್ಕೇರುತ್ತದೆ. 3, 4.50 ಮತ್ತು 6.50 ರೂ. ಸ್ಲ್ಯಾಬ್‌ಗಳಂತೆ ವಿದ್ಯುತ್ ಶುಲ್ಕವೇ 1,760 ರೂ., ನಿಗದಿತ ಶುಲ್ಕ ಮತ್ತು ಸರ್‌ಚಾರ್ಜ್ ಬೇರೆ. ಎಸಿಯಾದರೆ ಬಳಕೆ 280 ಯೂನಿಟ್, ಶುಲ್ಕ 960 ರೂ., ಅದರಲ್ಲೂ ಅರ್ಧ ರಿಯಾಯಿತಿ.

ಹಾಗೆಂದು ಎರಡು ತಿಂಗಳ ಚಳಿಗಾಗಿ ಮಾತ್ರ ಎಸಿ ಕೊಳ್ಳುವುದು ಲಾಭದಾಯಕವಲ್ಲ. ಬೇಸಿಗೆಗೆ ಹೇಗೂ ಹೊಸ ಎಸಿ ಬೇಕಿದ್ದರೆ ಬಿಸಿಗಾಳಿಯ ಮಾಡೆಲ್ ನೋಡಬಹುದು. ಮನೆ ಪದೇಪದೇ ಬದಲಿಸುವ ಬಾಡಿಗೆದಾರರಿಗೆ ಥರ್ಮೋಸ್ಟಾಟ್ ಇರುವ ಆಯಿಲ್ ಹೀಟರ್, ಜೊತೆಗೆ ಬಾಗಿಲ ಕೆಳಗೊಂದು ಹಳೆ ಟವೆಲ್ ಸಾಕು.

2000 ವ್ಯಾಟ್ ಹೀಟರ್ ಸುಮಾರು 9 ಆ್ಯಂಪಿಯರ್ ಎಳೆಯುವುದರಿಂದ 16 ಆ್ಯಂಪಿಯರ್ ಸಾಕೆಟ್‌ಗೇ ಹಾಕಬೇಕು, ಎಕ್ಸ್‌ಟೆನ್ಷನ್ ಬೋರ್ಡ್‌ಗಲ್ಲ. ಇದ್ದಿಲಿನ ಅಂಗೀಠಿ ಎಲ್ಲಕ್ಕಿಂತ ಅಗ್ಗವಾಗಿ ಕಂಡರೂ ಮುಚ್ಚಿದ ಕೋಣೆಯಲ್ಲಿ ಅದು ಹೊರಬಿಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಮಲಗಿದ್ದವರು ಏಳದೇ ಹೋದ ಸುದ್ದಿ ಉತ್ತರ ಭಾರತದಿಂದ ಪ್ರತಿ ಚಳಿಗಾಲದಲ್ಲೂ ಬರುತ್ತದೆ.