ಗ್ರೀನ್‌ವಿಲ್ ಊರಿನ ಮೇನ್ ಸ್ಟ್ರೀಟ್

ದಕ್ಷಿಣ ಕೆರೊಲೈನಾದ ಗ್ರೀನ್‌ವಿಲ್‌ಗೆ ಹೋಗಿಬಂದವರು ಅಲ್ಲಿಯ ಮೇನ್ ಸ್ಟ್ರೀಟ್‌ನ ಮರಗಳ ನೆರಳನ್ನೂ ರೀಡಿ ನದಿಯ ಜಲಪಾತವನ್ನೂ ಹೊಗಳುತ್ತಾರೆ. ಹೊಗಳತಕ್ಕದ್ದೇ. ಆದರೆ ಆ ನೆರಳಿಗೆ ಸುಮಾರು ಐವತ್ತು ವರ್ಷ. ಊರಿಗೆ ಇನ್ನೂರು ದಾಟಿದೆ.

1797ರಲ್ಲಿ ಲೆಮ್ಯುಯೆಲ್ ಆಲ್ಸ್ಟನ್ ಎಂಬ ಜಮೀನುದಾರ ಇಲ್ಲಿ ಪ್ಲೆಸೆಂಟ್‌ಬರ್ಗ್ ಎಂಬ ಹೆಸರಿನಲ್ಲಿ ನಿವೇಶನಗಳನ್ನು ಗುರುತಿಸಿದ. 1815ರಲ್ಲಿ ಅವನ ಜಮೀನು ಕೊಂಡ ವಾರ್ಡ್ರಿ ಮೆಕ್‌ಬೀ ಚರ್ಚು ಶಾಲೆಗಳಿಗೆ ಜಾಗ ಕೊಟ್ಟು ಊರನ್ನು ಬೆಳೆಸಿದ. 1831ರಲ್ಲಿ ಗ್ರೀನ್‌ವಿಲ್ ಎಂಬ ಹೆಸರು ಸ್ಥಿರವಾಯಿತು. ಅಂತರ್ಯುದ್ಧದ ನಂತರ ಹತ್ತಿ ಗಿರಣಿಗಳು ಬಂದವು. ಗಿರಣಿಯ ಹಣದಿಂದ ಮೇನ್ ಸ್ಟ್ರೀಟ್‌ನ ಅಂಗಡಿಗಳು ತುಂಬಿದವು.

ಆ ಅಂಗಡಿಗಳಲ್ಲಿ ಕರಿಯರು ಸಾಮಾನು ಕೊಳ್ಳಬಹುದಿತ್ತು, ಬಿಳಿಯರ ಜೊತೆ ಕುಳಿತು ತಿನ್ನುವಂತಿರಲಿಲ್ಲ. ಇದು ಬರಿಯ ರೂಢಿಯಲ್ಲ, ನಗರಸಭೆಯ ಶಾಸನ. ಒಂದೇ ಕೋಣೆಯಲ್ಲಿ ಬಡಿಸುವುದಾದರೆ ಎರಡು ಜನಾಂಗದವರ ಮೇಜುಗಳ ನಡುವೆ 35 ಅಡಿ ಅಂತರವಿರಬೇಕು. ತಟ್ಟೆ ಚಮಚಗಳು ಬೇರೆ ಬೇರೆ ಇದ್ದು ಬಣ್ಣದಿಂದ ಗುರುತಾಗಬೇಕು. ಅವನ್ನು ತೊಳೆಯುವ ವ್ಯವಸ್ಥೆಯೂ ಬೇರೆಯಾಗಿರಬೇಕು! ಸಾಬೂನು ನೀರಿಗೆ ಜಾತಿ ತಿಳಿಯದು ಎಂದು ರಸಾಯನಶಾಸ್ತ್ರದವನಾಗಿ ನಗಬಹುದಾಗಿತ್ತು. ಆದರೆ ನಮ್ಮೂರ ಹೋಟೆಲುಗಳ ಹೊರಗೆ ದಲಿತರಿಗೆಂದು ಬೇರೆಯಿಟ್ಟ ಲೋಟಗಳು ನೆನಪಾದರೆ ನಗು ಬಾರದು. ನಮ್ಮಲ್ಲಿ 1950ರ ಸಂವಿಧಾನವೇ ಅಸ್ಪೃಶ್ಯತೆಯನ್ನು ರದ್ದುಮಾಡಿದ ಮೇಲೂ ಆ ಲೋಟಗಳು ಉಳಿದಿದ್ದವು.

1960ರ ಆಗಸ್ಟ್ 9ರಂದು ಹತ್ತು ಮಂದಿ ಕರಿಯ ಹುಡುಗ ಹುಡುಗಿಯರು ಕ್ರೆಸ್ ಅಂಗಡಿಯ ಲಂಚ್ ಕೌಂಟರಿನಲ್ಲಿ ಕುಳಿತರು. ಮ್ಯಾನೇಜರು ದೀಪ ಆರಿಸಿ ಕೌಂಟರ್ ಮುಚ್ಚಿತೆಂದ. ಅವರು ಏಳಲಿಲ್ಲ. ಪೊಲೀಸರು ಹಿಡಿದರು; ತಲಾ 100 ಡಾಲರ್ ದಂಡ, ತಪ್ಪಿದರೆ 30 ದಿನ ಸೆರೆ. 1963ರ ಮೇ 20ರಂದು ಸುಪ್ರೀಂ ಕೋರ್ಟು ಆ ಶಿಕ್ಷೆಗಳನ್ನು ತಳ್ಳಿಹಾಕಿತು. ಅಂಗಡಿಯವನು ತನ್ನ ಇಷ್ಟದಂತೆ ನಡೆದೆನೆಂದರೂ, ಶಾಸನವೇ ಹಾಗೆ ಕಡ್ಡಾಯ ಮಾಡಿದ್ದರಿಂದ ಆ ಬೇರ್ಪಡಿಸುವಿಕೆ ಸರಕಾರದ್ದೇ ಎಂಬುದು ತೀರ್ಪಿನ ಸಾರ.

ಮುಂದೆ ಗಿರಾಕಿಗಳು ಹೊರವಲಯದ ಶಾಪಿಂಗ್ ಮಾಲುಗಳಿಗೆ ಹೋದರು, ಬೀದಿ ಬಡವಾಯಿತು. ಅದನ್ನು ಎತ್ತಿದವರಲ್ಲಿ ಮುಖ್ಯರು ಮ್ಯಾಕ್ಸ್ ಹೆಲರ್. ವಿಯೆನ್ನಾದ ಈ ಯಹೂದಿ ಯುವಕ 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಬಂದು ಇಲ್ಲಿಯ ಅಂಗಿ ಕಾರ್ಖಾನೆಯಲ್ಲಿ ಕಸ ಗುಡಿಸುವ ಕೆಲಸದಿಂದ ಆರಂಭಿಸಿದರು. 1971ರಿಂದ 1979ರವರೆಗೆ ಮೇಯರ್ ಆಗಿದ್ದರು. ಅವರ ಕಾಲದಲ್ಲಿ, ಲಾರೆನ್ಸ್ ಹ್ಯಾಲ್ಪ್ರಿನ್ನರ ಯೋಜನೆಯಂತೆ, ನಾಲ್ಕು ಸಾಲಿನ ರಸ್ತೆಯನ್ನು ಎರಡಕ್ಕಿಳಿಸಿ ಮರ ನೆಟ್ಟರು. ಜಲಪಾತವನ್ನು ಮರೆಮಾಡಿದ್ದ ಕಾಂಕ್ರೀಟ್ ಸೇತುವೆಯನ್ನು 2002ರಲ್ಲಿ ಕೆಡವಿದರು. 2004ರಲ್ಲಿ ಕಾಲ್ನಡೆಯವರಿಗಾಗಿ ಲಿಬರ್ಟಿ ಸೇತುವೆ ಬಂತು.

ನಮ್ಮ ಸಂಘದ ಕುಟುಂಬಗಳು ಆ ಕಡೆ ಹೋದಾಗ ಜಲಪಾತದ ಬಳಿ ಚಿತ್ರ ತೆಗೆಸಿಕೊಳ್ಳಲಿ. ಜೊತೆಗೆ ವಾಷಿಂಗ್ಟನ್ ಸ್ಟ್ರೀಟ್ ಕೂಡುವ ಮೂಲೆಯಲ್ಲಿ ಸ್ಟರ್ಲಿಂಗ್ ಹೈಸ್ಕೂಲಿನ ಕರಿಯ ವಿದ್ಯಾರ್ಥಿಗಳ ಪ್ರತಿಮೆಯನ್ನೂ ಮಕ್ಕಳಿಗೆ ತೋರಿಸಿ. ಈ ದೇಶದಲ್ಲಿ ನಾವು ಯಾವ ಹೋಟೆಲಿನಲ್ಲಾದರೂ ನಿಶ್ಚಿಂತೆಯಿಂದ ಕುಳಿತು ಉಣ್ಣುವುದರ ಹಿಂದೆ ಅಂಥ ಮಕ್ಕಳ ಧೈರ್ಯವಿದೆ. ನಮ್ಮೂರ ಲೋಟಗಳ ಕಥೆಯನ್ನೂ ಅಲ್ಲೇ ಹೇಳಿದರೆ ಪಾಠ ಪೂರ್ಣವಾದೀತು.