ಸೂಟಿ

ಮೇ 1ರಂದು ಬೆಂಗಳೂರಿನವರಿಗೆ ರಜೆ, ಭೀಮಾ ದಂಡೆಯ ದೇವಣಗಾಂವದವರಿಗೆ ಸೂಟಿ. ಎರಡೂ ಕನ್ನಡದ ಹುಟ್ಟುಪದಗಳಲ್ಲ. ‘ರಜೆ’ಯ ಬೇರು ಅರಬ್ಬಿಯ ‘ರಿಜಾ’. ಅರ್ಥ ಒಪ್ಪಿಗೆ, ಅಪ್ಪಣೆ. ಸೂಟಿ ಬಂದದ್ದು ಮರಾಠಿಯ ‘ಸುಟಣೇ’ಯಿಂದ, ಅಂದರೆ ಬಿಡುಗಡೆಯಾಗುವುದು. ಒಂದು ಸಾಹೇಬರನ್ನು ಕೇಳಿ ಪಡೆಯುವಂಥದ್ದು, ಇನ್ನೊಂದು ಕಟ್ಟು ಬಿಚ್ಚಿದಂಥದ್ದು. 1886ರಲ್ಲಿ ಶಿಕಾಗೋದಲ್ಲಿ ಎಂಟು ತಾಸಿನ ದುಡಿಮೆಗಾಗಿ ಬೀದಿಗಿಳಿದವರ ದಿನಕ್ಕೆ, ನನ್ನ ಮಟ್ಟಿಗೆ, ಸೂಟಿಯೇ ಸರಿಯಾದ ಮಾತು.

ಸಿಂದಗಿ, ಇಂಡಿ ಕಡೆ ಇದರ ಬಳಕೆ ಧಾರಾಳ: ಸಾಲಿ ಸೂಟಿ, ಬ್ಯಾಸಗಿ ಸೂಟಿ, ‘ನಾಳೆ ಬ್ಯಾಂಕ್ ಸೂಟಿ ಐತೇನ್ರಿ?’ ಜೊತೆಗಾರ ಪದ ‘ಪಗಾರ’. ಅದು ಪೋರ್ಚುಗೀಸರದು, ಅವರಲ್ಲಿ ‘ಪಗಾರ್’ ಎಂದರೆ ಹಣ ಕೊಡುವುದು. ಪಗಾರ ಕಡಿಯದ ಸೂಟಿ ಕೊಡಿಸಿದ್ದು ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ. ಅದು ಕಾರ್ಖಾನೆಯಂಥ ಕೈಗಾರಿಕಾ ಸಂಸ್ಥೆಗಳಿಗೆ ಸೇರಿದ್ದು. ಹೊಲದ ಕೂಲಿಗೆ ಅದರ ಹಂಗಿಲ್ಲ. ಸಕ್ಕರೆ ಕಾರ್ಖಾನೆಯ ಒಳಗಿನವನಿಗೆ ಮೇ 1 ಸೂಟಿ, ಅದೇ ಕಬ್ಬಿನ ಕಳೆ ತೆಗೆಯುವ ಹೆಣ್ಣುಮಗಳಿಗೆ ಅಂದು ಮನೆಯಲ್ಲಿ ಕುಂತರೆ ಕೂಲಿ ಇಲ್ಲ.

ಇನ್ನು ಎತ್ತುಗಳ ಪಾಡು ವಾಸಿ. ಬಸವಣ್ಣನ ವಾರವೆಂದು ಸೋಮವಾರ ಅವುಗಳ ಕೊರಳಿಗೆ ನೊಗ ಹೂಡದ ಪದ್ಧತಿ ಈ ಸೀಮೆಯಲ್ಲಿ ಬಹಳ ಹಳೆಯದು. ಹಾಗಂತ ಅದನ್ನು ಯಾರೂ ಎತ್ತಿನ ಸೂಟಿ ಅನ್ನುವುದಿಲ್ಲ. ‘ಇವತ್ತ ಸ್ವಾಮಾರ, ಎತ್ತ ಹೂಡಂಗಿಲ್ಲ’ ಅಂದರೆ ಮುಗಿಯಿತು.